ಬರ್ತೇನಿ ಅಂದ ಮಲ್ಲಣ್ಣ

ಆ ಯುದ್ಧನೌಕೆಗೆ ‘ಡೋಣಿ’ ಎಂದು ನಮ್ಮ ಹೊಳೆಯ ಹೆಸರಿಟ್ಟವರು ನಮ್ಮ ಕಡೆಯವರೇ ಇರಬೇಕು. ಬೇರೆಯವರಾಗಿದ್ದರೆ ಗರುಡ, ವಜ್ರ ಅಂತ ಏನಾದರೂ ಇಡುತ್ತಿದ್ದರು. ಎಪ್ಪತ್ತೈದರ ಗಗನಯುದ್ಧದಲ್ಲಿ ಅದು ತಾಳಿಕೋಟೆಯ ಎರೆಹೊಲದಿಂದ ಎದ್ದು ಶನಿಯ ಆಚೆಗೆ ಹೋಯಿತು. ಒಳಗಿದ್ದವರೆಲ್ಲ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಮಂದಿ. ಚುಕ್ಕಿಗಳ ನಡುವೆಯೂ ಕಟಕರೊಟ್ಟಿ, ಶೇಂಗಾ ಚಟ್ನಿಗೆ ಕೊರತೆ ಇರಲಿಲ್ಲ.

ಸಿಂದಗಿಯ ಮಲ್ಲಣ್ಣ ಮುಂಭಾಗದಲ್ಲಿ ತೋಪು ಹಾರಿಸುವವನು. ಬಾಯಿ ಜೋರು, ಎದೆ ಪುಕ್ಕಲು. ಹಿಂಭಾಗದ ಎಂಜಿನ್ ಕೋಣೆ ಕೊಲ್ಹಾರದ ರಾಜಬಿಯದು. ಅವಳು ಇವನನ್ನು ತಮ್ಮಾ ಎಂದು ಕರೆದು, ತನ್ನ ಬುತ್ತಿಯಲ್ಲಿ ಅರ್ಧ ಕೊಟ್ಟೇ ಉಣ್ಣುತ್ತಿದ್ದಳು.

ಶತ್ರುಗಳ ಬೆಂಕಿಗೆ ಡೋಣಿಯ ನಡು ಮುರಿದ ದಿನ, ಎಲ್ಲರೂ ಪಾರಾಗಿರಿ ಎಂದು ಕಪ್ತಾನನ ಅಪ್ಪಣೆಯಾಯಿತು. ಪಾರಾಗಲು ಇದ್ದ ಕಿರುನೌಕೆಗಳಿಗೆ ನಮ್ಮವರು ತೆಪ್ಪ ಅನ್ನುತ್ತಿದ್ದರು. ಮುಂದೆ ಒಂದು ದೊಡ್ಡ ತೆಪ್ಪ, ಎಂಜಿನ್ ಕೋಣೆಯಲ್ಲಿ ಇಬ್ಬರು ಹಿಡಿಸುವ ಸಣ್ಣದೊಂದು. ಮಲ್ಲಣ್ಣ ಎಲ್ಲರಿಗಿಂತ ಮೊದಲು ದೊಡ್ಡದರಲ್ಲಿ ಕೂತಿದ್ದ. ಆಗ ಅಲ್ಲಿಯ ಫೋನಿನಲ್ಲಿ ರಾಜಬಿಯ ದನಿ ಬಂತು.

“ತಮ್ಮಾ, ಹುಷಾರ್ ಅದಿಯಿಲ್ಲೊ?”

“ಹುಷಾರ್ ಅದೀನಿ. ನಾ ಬರ್ತೇನಿ ಅಕ್ಕಾ,” ಅಂದ. ಹೊರಡುವಾಗ ಹೋಗ್ತೇನಿ ಅನ್ನಬಾರದೆಂದು ತೊಟ್ಟಿಲಲ್ಲೇ ಕಲಿತ ನಾಲಿಗೆ ಅದು.

“ಬಾ, ಬಾ. ಇಲ್ಲಿ ಇನ್ನೊಬ್ಬರಿಗೆ ಜಾಗಾ ಐತಿ. ಬಾಗ್ಲಾ ತೆರದ ಇಟ್ಟಿರ್ತೇನಿ.”

ಅವಳು ತಪ್ಪು ತಿಳಿದಳೆಂದು ಮಲ್ಲಣ್ಣನಿಗೆ ಆ ಕ್ಷಣವೇ ಗೊತ್ತಾಯಿತು. ನಾ ಹೊಂಟೇನಿ, ನೀನೂ ಹೊಂಡು ಎನ್ನಲು ಒಂದು ಉಸಿರು ಸಾಕಿತ್ತು. ಆದರೆ ಅಕ್ಕನನ್ನು ಬಿಟ್ಟು ಓಡುತ್ತಿದ್ದೇನೆ ಎಂದು ಸುತ್ತ ಕೂತವರೆದುರು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು. ಫೋನು ಕೆಳಗಿಟ್ಟ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ಇವನದು ಒಂದು ಉಸಿರಿಗೆ ಹೋಯಿತು.

ರಾಜಬಿ ಬದುಕಿದಳು. ಬೆಂಕಿ ಬಾಗಿಲಿಗೆ ಬರುವವರೆಗೂ ಕಾದು, ಕಡೆಗೆ ಒಬ್ಬಳೇ ಹೊರಟಳು. ಬಾಗಿಲು ಹಿಡಿದಿದ್ದ ಬಲಗೈ ಮಾತ್ರ ಸುಟ್ಟು ಮುರುಟಿತು.

ಯುದ್ಧ ಮುಗಿದ ಮೇಲೆ ಮಲ್ಲಣ್ಣ ಕೊಲ್ಹಾರಕ್ಕೆ ಹೋದ. ರಾಜಬಿಯ ತಂಗಿ ಬಾನುಬಿ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಬಡಿಯಲು ಎರಡು ಕೈ ಬೇಕು. ರಾಜಬಿ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಅವನನ್ನು ಕಂಡು ಚಾಪೆ ತೋರಿಸಿದಳು, ಚಹಾ ಕೊಡಿಸಿದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಮಾತಿನಾಗ ತಪ್ಪಾತು ಅಕ್ಕಾ,” ಎಂದ ಮಲ್ಲಣ್ಣ, ಚಹಾದ ಬಟ್ಟಲು ನೋಡುತ್ತ. “ಹೊಂಡಾಗ ಬರ್ತೇನಿ ಅಂತಾರಲ್ಲ, ಹಂಗ ಅಂದಿದ್ದೆ.”

“ಹೌದಪಾ, ಎಲ್ಲಾರೂ ಅಂತಾರ,” ಎಂದಳು ರಾಜಬಿ. “ಬಾಗ್ಲಾ ತೆರದ ಇಟ್ಟಿರ್ತೇನಿ ಅಂದದ್ದು ನಿನಗ ಕೇಳಿಸಿತ್ತೇನು?”

ದಾರಿಯುದ್ದಕ್ಕೂ ಇವನು ಹತ್ತು ಸುಳ್ಳು ಹೊಸೆದುಕೊಂಡು ಬಂದಿದ್ದ. ಒಂದೂ ಬಾಯಿಗೆ ಬರಲಿಲ್ಲ.

“ಕೇಳಿಸಿತ್ತು,” ಎಂದ. ಮುಖ ಎತ್ತಲಾಗದೆ ಎದ್ದ. ಹೊಸ್ತಿಲಲ್ಲಿ ನಿಂತಾಗ ಆ ಹಳೆಯ ಮಾತು ನಾಲಿಗೆಯ ತುದಿಗೆ ಬಂತು. ಈ ಮನೆಯಲ್ಲಿ ಅದನ್ನು ಆಡುವ ಮುಖ ಅವನಿಗಿರಲಿಲ್ಲ.

“ಹೋಗ್ತೇನಿ ಅಕ್ಕಾ,” ಅಂದ.

ಬಾನುಬಿಯ ಕೈ ಹಿಟ್ಟಿನ ಮೇಲೆ ನಿಂತಿತು. ಹಂಗ ಅನ್ನಬಾರದು, ಬರ್ತೇನಿ ಅನ್ನು ಎಂದು ನಮ್ಮ ಕಡೆ ಹಗೆಯವನಿಗೂ ತಿದ್ದಿ ಹೇಳುತ್ತಾರೆ. ಅದೊಂದು ಮಾತಿಗಾಗಿ ಮಲ್ಲಣ್ಣ ಹೊಸ್ತಿಲಲ್ಲೇ ಕಾದ.

“ಹೂಂ,” ಎಂದಳು ರಾಜಬಿ. “ಹೋಗು.”