ಕುದುರೆ ಇಳಿದ ಮಾಸ್ತಪ್ಪ

ನನ್ನ ಹೆಂಡತಿ ಲೋಕಮ್ಮ ತನ್ನ ಅಪ್ಪನ ಮುಖ ಕಂಡವಳಲ್ಲ. ಅವಳು ತೊಟ್ಟಿಲಲ್ಲಿದ್ದಾಗಲೇ ಮಾಸ್ತಪ್ಪ ಕಾಲರಾದಲ್ಲಿ ತೀರಿಕೊಂಡಿದ್ದ. ನಮ್ಮಂಥವರಿಗೆ ಫೋಟೋ ಎಲ್ಲಿಂದ ಬರಬೇಕು? ಆದರೆ ಅವನು ಒಂದು ಸಿನಿಮಾದಲ್ಲಿದ್ದ. ಆ ಸಿನಿಮಾ ಶಿಕಾರಿಪುರದ ಟೆಂಟಿಗೆ ಬಂದಿದೆ ಎಂದು ಅವಳ ಕಿವಿಗೆ ಬಿದ್ದದ್ದೇ ತಡ, ಇತ್ತ ನಮ್ಮೂರು ಆನವಟ್ಟಿಯಲ್ಲಿ ನನ್ನ ಊಟ ನಿದ್ದೆಗೆ ಕಲ್ಲು ಬಿತ್ತು. ಕರೆದುಕೊಂಡು ಹೋಗುವವರೆಗೆ ಬಿಡಲಿಲ್ಲ.

ಅದು ಮಾತಿಲ್ಲದ ಕಾಲದ ಸಿನಿಮಾ. ಜಾತಿ ನೋಡಿ ಕೇರಿಯವರನ್ನು ಬಡಿಯುವ, ಗುಡಿಸಲು ಸುಡುವ ಪುಂಡರ ಗುಂಪಿನ ಕಥೆ. ಎಲ್ಲಿಂದಲೋ ಬಂದ ಕಂಪನಿಯವರು ನನ್ನ ಅತ್ತೆಯ ಊರಿನಲ್ಲೇ ತೆಗೆದಿದ್ದರು. ಮೇಲಿನ ಬೀದಿಯ ಯಾರೂ ಪುಂಡನಾಗಲು ಒಪ್ಪಲಿಲ್ಲವಂತೆ. ದಿನಾ ಮಾಡುವುದನ್ನೇ ಸುಳ್ಳುಸುಳ್ಳೇ ಮಾಡಲು ಅವರಿಗೆ ನಾಚಿಕೆ! ಊರಿನ ಪದ್ಧತಿ ಗೊತ್ತಿಲ್ಲದ ಕಂಪನಿಯವರು ಮೈಕಟ್ಟು ನೋಡಿ, ಕೇರಿಯ ಮಾಸ್ತಪ್ಪನಿಗೇ ಜರಿ ರುಮಾಲು ಸುತ್ತಿ, ಗುಂಪಿನ ಮುಖಂಡ ಸಾವ್ಕಾರನನ್ನಾಗಿ ಮಾಡಿ ಕುದುರೆ ಹತ್ತಿಸಿದರು. ಅಮಲ್ದಾರರ ಅಪ್ಪಣೆಯಿತ್ತೆಂದು ದೊಡ್ಡವರು ಆಗ ಬಾಯಿ ಮುಚ್ಚಿಕೊಂಡಿದ್ದರು. ತಮ್ಮ ಬೀದಿಯಲ್ಲಿ ಕೇರಿಯವನು ಕುದುರೆ ಮೇಲೆ ಹೋದದ್ದನ್ನು ಊರೂರಿಗೆ ತೋರಿಸುತ್ತಾರೆಂದು ಗೊತ್ತಾದಾಗ ಗಲಾಟೆ ಎಬ್ಬಿಸಿ ಸಿನಿಮಾವನ್ನೇ ನಿಲ್ಲಿಸಿಬಿಟ್ಟರು. ಸ್ವಾತಂತ್ರ್ಯ ಬಂದ ಎಷ್ಟೋ ವರ್ಷಕ್ಕೆ ಅದು ಮತ್ತೆ ಹೊರಗೆ ಬಂದಿತ್ತು.

ಅತ್ತೆ ಗುಡ್ಡಮ್ಮ ಬರಲಿಲ್ಲ. "ನಂಗ್ ಅವ್ರ ಮುಖ ನೆನಪೈತಿ. ನೀವ್ ಹೋಗ್ ಬರ್ರಿ," ಎಂದಳು.

ಟೆಂಟಿನಲ್ಲಿ ನೆಲದ ಮೇಲೆ ಕೂತೆವು. ಪರದೆಯ ಮೇಲೆ ಕುದುರೆ ಬಂತು.

"ರೀ, ಅವ್ರೇ ಏನ್ರೀ?"

ಅವಳದೇ ಮೂಗು, ಅವಳದೇ ಅಗಲ ಹಣೆ. "ಅವ್ರೇ ಕಣೆ," ಎಂದೆ.

ಆದರೆ ಅವಳಪ್ಪ ಪರದೆಯ ಮೇಲೆ ಮುದುಕಿಯರಿಗೆ ಚಾವಟಿ ಬೀಸುತ್ತಿದ್ದ. ಟೆಂಟಿಗೆ ಟೆಂಟೇ ಶಾಪ ಹಾಕತೊಡಗಿತು. "ನಿನ್ ಹೆಣ ಎತ್ತ!" ಎಂದು ಹಿಂದೆ ಕೂತ ಹೆಂಗಸು ಕೂಗಿದಳು. ಲೋಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ಮೈಯೆಲ್ಲ ಉರಿಯಿತು. ಇದನ್ನು ತೋರಿಸಲು ಇವಳನ್ನು ಇಷ್ಟು ದೂರ ಕರೆತಂದೆನೇ?

ಗುಡಿಸಲುಗಳನ್ನು ಸುಟ್ಟು ಸಾವ್ಕಾರ ಮೇಲಿನ ಬೀದಿಗೆ ವಾಪಸು ಬಂದ. ದೊಡ್ಡ ಮನೆಯೊಂದರ ಮುಂದೆ ಕುದುರೆ ಇಳಿದ. ಕಥೆಯಲ್ಲಿ ಅದು ಅವನದೇ ಮನೆ. ಇಳಿದವನೇ ಬಗ್ಗಿ, ಕಾಲಿನ ಚಪ್ಪಲಿ ಕಳಚಿ, ಕಂಕುಳಿಗೆ ಸಿಕ್ಕಿಸಿಕೊಂಡು, ತಲೆ ತಗ್ಗಿಸಿ ನಡೆದ.

ಹುಡುಗರು ಹೋ ಎಂದು ನಕ್ಕರು. "ಸಾವ್ಕಾರ್ರ ಚಪ್ಪಲಿ ಸವೀತಾವಂತಲೇ!"

ವಯಸ್ಸಾದವರು ಯಾರೂ ನಗಲಿಲ್ಲ. ಆ ಬೀದಿಯಲ್ಲಿ ನಮ್ಮವರು ಚಪ್ಪಲಿ ಮೆಟ್ಟಿ ನಡೆಯುವಂತಿರಲಿಲ್ಲ. ಜರಿ ರುಮಾಲು, ಚಾವಟಿ, ಕುದುರೆ ಎಲ್ಲ ಕೊಟ್ಟರೂ ನೆಲಕ್ಕೆ ಕಾಲಿಟ್ಟ ಕೂಡಲೇ ಮಾಸ್ತಪ್ಪನಿಗೆ ರೂಢಿ ನೆನಪಾಗಿತ್ತು. ಕಂಪನಿಯವರ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

ಲೋಕಮ್ಮ ಎದ್ದು ನಿಂತಳು. ಕೂರೇ ಎಂದು ಸೀರೆ ಹಿಡಿದು ಎಳೆದೆ, ಹಿಂದಿನವರು ಬೈದರು. ಅವಳು ಪರದೆಯತ್ತ ಕೈ ಚಾಚಿ ಕೂಗಿದಳು:

"ಮೆಟ್ಕ ಅಪ್ಪಾ, ಮೆಟ್ಕ! ಯಾವನ್ ಏನಂತಾನೋ ನಾ ನೋಡ್ತೀನಿ!"