ತುಂಬಿದ್ದು ಯಾವುದು, ಖಾಲಿ ಯಾವುದು

ಕೇಶವ ಮೂರನೇ ಹಲಗೆಯ ಡಬ್ಬಗಳನ್ನೆಲ್ಲ ಕೆಳಗಿಳಿಸಿ, ಅವಲಕ್ಕಿ ಡಬ್ಬದ ಹಿಂದಿದ್ದ ಗಂಗೆಯ ಗಿಂಡಿಯನ್ನು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದ. ಸದ್ದೇ ಇಲ್ಲ. ಬೆಸುಗೆ ಬಿಟ್ಟು ನೀರು ಯಾವಾಗಲೋ ಆರಿಹೋಗಿತ್ತು.

ನಡುಮನೆಯಲ್ಲಿ ಹೆಂಡತಿ ಸುಮಿತ್ರಾಳ ದೇಹವನ್ನು ಚಾಪೆಯ ಮೇಲೆ ಮಲಗಿಸಿದ್ದರು. ನಿನ್ನೆ ಸಂಜೆ ಆಫೀಸಿನಿಂದ ಬಂದವಳು ಚಪ್ಪಲಿ ಬಿಡುತ್ತ ಬಾಗಿಲಲ್ಲೇ ಕುಸಿದಿದ್ದಳು.

"ಇರ್ಲಿ ಬಿಡ್ರಿ, ನರ್ಮದಾ ನೀರು ಹಾಕೋಣು," ಎಂದರು ಪಕ್ಕದ ಮನೆಯ ಪಾಂಡುರಂಗರಾಯರು. ಬ್ಯಾಂಕಿನವರು, ಧಾರವಾಡದವರು. "ಅಹಮದಾಬಾದಿನ ನಳದಾಗ ಬರೋದು ಅದ ಅಲ್ಲೇನು?"

"ಇನ್ನೊಂದು ಬರೋಡಾ ಮನೇಲಿದೆ. ತನು ಇನ್ನೇನು ಹೊರಡ್ತಾಳೆ, ತರೋಕೆ ಹೇಳ್ತೀನಿ," ಎಂದ ಕೇಶವ.

"ಇರಲೇಬೇಕು! ಈ ತಾಯಿ ಮನ್ಯಾಗ ಎಲ್ಲಾ ಎರಡೆರಡು. ಗಂಡ ಹೆಂಗ ಒಬ್ಬನ ಉಳದಾನೋ!"

ಯಾರೋ ನಕ್ಕು, ತಕ್ಷಣ ಸೆರಗು ಬಾಯಿಗೆ ಒತ್ತಿಕೊಂಡರು.

ರಾಯರು ಹೇಳಿದ್ದು ಸುಳ್ಳಲ್ಲ. ಕೇಶವ ಬರೋಡಾ ಹತ್ತಿರದ ಕೊಯಾಲಿಯ ರಿಫೈನರಿಯಲ್ಲಿ, ಸುಮಿತ್ರಾ ಇಲ್ಲಿ ಉಪಗ್ರಹದ ಚಿತ್ರಗಳನ್ನು ಕಾಪಾಡುವ ಸಂಸ್ಥೆಯಲ್ಲಿ. ಮದುವೆಯಾದಾಗಿನಿಂದ ಎರಡು ಊರು, ಎರಡು ಒಲೆ. ದೋಸೆ ಕಾವಲಿ ಕೊಂಡರೆ ಎರಡು, ಶಾರದಾಂಬೆಯ ಪಟ ಕಟ್ಟಿಸಿದರೆ ಎರಡು. ಒಂದು ಮನೆಯಲ್ಲಿ ಏನಾದರೂ ಜಾಗ ಬದಲಿಸಿದರೆ ಶನಿವಾರದೊಳಗೆ ಇನ್ನೊಂದರಲ್ಲೂ ಬದಲಾಗಬೇಕು. ಅವನು ನಿವೃತ್ತನಾಗಿ ಇಲ್ಲಿಗೆ ಬಂದ ಮೇಲೂ, ಮಗಳು ತನುಶ್ರೀ ಇರುವ ಬರೋಡಾದ ಮನೆಯನ್ನು ಅವಳು ಹಾಗೆಯೇ ನಡೆಸಿದಳು.

ತನುಶ್ರೀ ಬಂದಾಗ ಗಿಂಡಿ ಅವಳ ಎದೆಗೆ ಆತುಕೊಂಡಿತ್ತು.

"ಅಪ್ಪಾ, ಲೈಟ್ ಭೀ ಹಾಕಿಲ್ಲ ನಾನು. ಥರ್ಡ್ ಶೆಲ್ಫ್, ಅವಲಕ್ಕಿ ಕೆ ಪೀಛೆ. ಕೈ ಹಾಕಿದೆ, ಬಸ್, ಸಿಕ್ತು," ಎಂದು ಹೇಳುತ್ತ ಹೇಳುತ್ತ ಅತ್ತಳು.

ಕೇಶವ ಮುಚ್ಚಳ ಕೊರೆದು ಸುಮಿತ್ರಾಳ ಬಾಯಿಗೆ ಗಂಗೆ ಹನಿಸಿದ. ತುಟಿಯ ಅಂಚಿನಿಂದ ಒಂದು ತೊಟ್ಟು ಕಿವಿಯ ಕಡೆಗೆ ಇಳಿಯಿತು.

*

ಸ್ಮಶಾನದಲ್ಲಿ ತನುಶ್ರೀಯೇ ಬೆಂಕಿ ಕೊಟ್ಟಳು. ಸಿಮೆಂಟು ಬೆಂಚಿನ ಮೇಲೆ ಕೂತಿದ್ದ ಕೇಶವನ ಹತ್ತಿರ ವಿಂಧ್ಯಾ ಬಂದಳು. ಸುಮಿತ್ರಾಳ ಕೈಕೆಳಗೆ ಕೆಲಸ ಕಲಿತವಳು. ಬೆಳಿಗ್ಗೆಯಿಂದ ಅವಳ ಫೋನು ಗುಂಯ್‌ಗುಡುತ್ತಲೇ ಇತ್ತು.

"ಅಂಕಲ್, ಇವತ್ತು ಹೇಳಬಾರದು. ಆದ್ರೂ ಹೇಳ್ಬೇಕು. ಬೆಳಿಗ್ಗೆ ನಮ್ಮ ಸ್ಟೋರೇಜ್ ನಿಂತುಹೋಯ್ತು."

"ಚಿತ್ರಗಳೆಲ್ಲ ಹೋದ್ವಾ?"

"ಒಂದೂ ಹೋಗಿಲ್ಲ. ಯಾರಿಗೂ ಗೊತ್ತೇ ಆಗಿಲ್ಲ ಅಂಕಲ್! ವಿಜ್ಞಾನಿಗಳು ಇವತ್ತೂ ಮೋಡ ನೋಡ್ಕೊಂಡು ಚಹಾ ಕುಡೀತಿದಾರೆ. ಇಲ್ಲಿ ಬರೆದಿದ್ದೆಲ್ಲ ಅದೇ ಗಳಿಗೆಗೆ ಬರೋಡಾದ ಮೆಷಿನ್ನಿನಲ್ಲೂ ಬರೆಯೋ ಹಾಗೆ ಮೇಡಂ ಕನ್ನಡಿ ಕಟ್ಟಿಟ್ಟಿದ್ರಲ್ಲ. ಇಲ್ಲಿಯದು ನಿಂತ ತಕ್ಷಣ ಅದು ಎತ್ಕೊಂಡಿದೆ."

ಕೇಶವ ಚಿತೆಯ ಕಡೆ ನೋಡಿದ. ಅವಳು ಹೋದ ಮರುದಿನ. ಅವಳಿಲ್ಲದೆ. ಯಾರಿಗೂ ಗೊತ್ತಾಗದ ಹಾಗೆ.

"ಹೊಸ ಡಿಸ್ಕುಗಳನ್ನು ಹಾಕಿಸಿದೀನಿ. ಅಲ್ಲಿಂದ ಇಲ್ಲಿಗೆ ಇವತ್ತೇ ತುಂಬಿಸ್ಬೇಕು. ಅಲ್ಲಿಯದಕ್ಕೂ ಇದರಷ್ಟೇ ವಯಸ್ಸು, ಅದೂ ಕೈಕೊಟ್ರೆ ಮೂವತ್ತು ಮಳೆಗಾಲದ ಚಿತ್ರ ಹೋದ ಹಾಗೆ." ಅವಳು ದನಿ ತಗ್ಗಿಸಿದಳು. "ದಿಕ್ಕು ತಪ್ಪಿ ಒತ್ತಿದ್ರೆ ಖಾಲಿ ಡಿಸ್ಕು ಹೋಗಿ ತುಂಬಿದ್ದನ್ನ ಅಳಿಸಿಬಿಡುತ್ತೆ. ಮೇಡಂ ಪಕ್ಕದಲ್ಲಿಲ್ದೆ ನಾನು ಯಾವತ್ತೂ ಒತ್ತಿಲ್ಲ. ನೀವು ಫೋನಲ್ಲಿ ಇರ್ತೀರಾ?"

"ನಾನಾ? ನನಗೇನಮ್ಮ ಗೊತ್ತು ಅದರಲ್ಲಿ?"

"ಅದಕ್ಕೇ ಅಂಕಲ್."

*

ಕೇಶವ ಕೆಲಸದಲ್ಲಿದ್ದಾಗ ರಿಫೈನರಿಯ ಕಂಟ್ರೋಲ್ ರೂಮಿನ ಫೋನು ಎಷ್ಟೋ ಸಲ ಹೀಗೆ ಹೊಡೆದುಕೊಂಡಿತ್ತು. ಆ ಕಡೆ ಸುಮಿತ್ರಾ.

"ಕೇಳಿಸ್ಕೊಳ್ಳಿ. ತುಂಬಿದ್ದು ಬಲಗಡೇದು, ಖಾಲಿ ಎಡಗಡೇದು."

"ಏನು ತುಂಬಿರೋದು?"

"ಮೋಡ."

"ಮೋಡ ಎಡಗಡೆಗೆ ಹೋಗುತ್ತಾ?"

"ಹೋಗುತ್ತೆ. ಬಲಗಡೇನೂ ಇರುತ್ತೆ."

"ಹೋದ ಮೇಲೆ ಹೇಗೇ ಇರುತ್ತೆ?"

"ಸರಿಯಾಗಿ ಕೇಳಿದ್ರಿ. ಇಡ್ತೀನಿ."

ಜೊತೆಯವರು ಮುಸಿಮುಸಿ ನಗುತ್ತಿದ್ದರು. ತನ್ನೊಂದಿಗೆ ಮಾತಾಡಲು ಅವಳಿಗೊಂದು ನೆಪ ಎಂದು ಕೇಶವನೂ ಒಳಗೊಳಗೇ ಖುಷಿಪಟ್ಟಿದ್ದ. ಒಮ್ಮೆ ಮಾತ್ರ ರೇಗಿದ. ವಾಲ್ವು ತೆರೆಯುವ ಮುಂಚೆ ನಾವೂ ಇನ್ನೊಬ್ಬರಿಗೆ ಕೂಗಿ ಹೇಳುತ್ತೇವೆ, ಆದರೆ ಗೊತ್ತಿರುವವರಿಗೆ. ಅಲ್ಲಿ ಅಷ್ಟು ಜನ ಇಂಜಿನಿಯರುಗಳಿದ್ದಾರಲ್ಲ, ಅವರಿಗೆ ಹೇಳು ಎಂದ.

"ಗೊತ್ತಿರೋರು ಬೇಗ ಹ್ಞೂ ಅಂದುಬಿಡ್ತಾರೆ. ನೀವು ಪ್ರತಿ ಸಲ ಮೊದಲಿಂದ ಕೇಳ್ತೀರಿ."

ದಡ್ಡ ಎಂದಳೆಂದು ಅವನು ಶನಿವಾರದ ತನಕ ಮುಖ ಊದಿಸಿಕೊಂಡಿದ್ದ.

*

ಸಂಜೆ, ಅವಳ ತಲೆಯಿದ್ದ ಜಾಗದಲ್ಲಿ ದೀಪ ಉರಿಯುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ ಎರಡು ಗಿಂಡಿಗಳು. ವಿಂಧ್ಯಾಳ ಫೋನು ಬಂದಾಗ ಕೇಶವ ಸ್ಪೀಕರ್ ಹಾಕಿದ. ಮೆಷಿನ್ ರೂಮಿನ ಫ್ಯಾನುಗಳ ಮೊರೆತ ನಡುಮನೆಯನ್ನು ತುಂಬಿತು. ದಿನವೆಲ್ಲ ಅವಳು ಈ ಸದ್ದಿನಲ್ಲಿರುತ್ತಿದ್ದಳು. ಅವನು ಅದನ್ನು ಗಮನವಿಟ್ಟು ಕೇಳಿದ್ದು ಇದೇ ಮೊದಲು.

"ಅಂಕಲ್, ಒತ್ತಲಾ?" ಎಂದಳು ವಿಂಧ್ಯಾ. "ತುಂಬಿದ್ದು ಇಲ್ಲಿಯದು. ಖಾಲಿ ಬರೋಡಾದು."

ಹ್ಞೂ ಎನ್ನಲು ಕೇಶವನ ತುಟಿ ತೆರೆದೇಬಿಟ್ಟಿತ್ತು. ಬೆಳಿಗ್ಗೆಯಿಂದ ಎಲ್ಲರಿಗೂ ಎಲ್ಲದಕ್ಕೂ ಹ್ಞೂ ಎಂದು ಅಭ್ಯಾಸವಾಗಿತ್ತು. ಹಾಗೇ ಕಣ್ಣು ಕಿಟಕಿಯ ಗಿಂಡಿಗಳ ಕಡೆ ಹೋಯಿತು.

"ತಡಿಯಮ್ಮ. ಬೆಳಿಗ್ಗೆ ನಿಂತುಹೋಗಿದ್ದು ಯಾವ ಊರಿಂದು?"

"ಇಲ್ಲೀದು."

"ಹೊಸ ಡಿಸ್ಕು ಎಲ್ಲಿ ಹಾಕ್ಸಿದೆ?"

"ಇಲ್ಲೇ..."

"ಹಾಗಾದ್ರೆ ಇಲ್ಲಿಯದು ಹೇಗಮ್ಮ ತುಂಬಿರುತ್ತೆ?"

ಪಾಂಡುರಂಗರಾಯರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ಅಯ್ಯೋ ದೇವರೇ," ಎಂದಳು ವಿಂಧ್ಯಾ. "ಬೆರಳು ಅದರ ಮೇಲೇ ಇತ್ತು ಅಂಕಲ್."

"ಬೆರಳು ತೆಗಿ. ನೀರು ಕುಡಿ. ಮೊದಲಿಂದ ಹೇಳು. ತುಂಬಿದ್ದು ಯಾವುದು?"

"ಬರೋಡಾ."

"ಖಾಲಿ?"

"ಇಲ್ಲಿ. ಅಹಮದಾಬಾದ್."

ಕೇಶವ ಫೋನಿನ ಹತ್ತಿರಕ್ಕೆ ಬಾಗಿದ. "ಇಲ್ಲಿಗೆ ಬಂದ ಮೇಲೂ ಅಲ್ಲಿ ಇರುತ್ತಾ?"

"ಇರುತ್ತೆ ಅಂಕಲ್. ಎರಡೂ ಕಡೆ ಇರುತ್ತೆ."

"ಹ್ಞೂ. ಒತ್ತು."

ವಿಂಧ್ಯಾ ಕ್ಯಾಮೆರಾ ತೆರೆದಳು. ಆಳೆತ್ತರದ ಕಪ್ಪು ಬೀರು, ಅದರ ಮೈತುಂಬ ಸಾಲುಸಾಲಾಗಿ ಆರಿದ ದೀಪಗಳು. ಕೆಳಗಿನ ಮೂಲೆಯಲ್ಲೊಂದು ಹಸಿರು ಚುಕ್ಕಿ ಮಿಟುಕಿತು. ಪಕ್ಕದ್ದು ಮಿಟುಕಿತು. ಆಮೇಲೆ ಅದರ ಮೇಲಿನದು.

"ಅಪ್ಪಾ, ಯೇ ಸಬ್ ನಮ್ಮ ಬರೋಡಾ ಸೇ ಬರ್ತಿದೆಯಾ?" ತನುಶ್ರೀ ಪಿಸುಗುಟ್ಟಿದಳು.

"ಏನೇನು ಬರಾಕತ್ತದ್ರೀ?" ಎಂದರು ರಾಯರು.

"ಮಳೆಗಾಲ," ಎಂದ ಕೇಶವ.

ಅವನು ಎದ್ದು ಖಾಲಿ ಗಿಂಡಿಯನ್ನು ತಂದು ದೀಪದ ಪಕ್ಕದಲ್ಲಿಟ್ಟು, ಫೋನನ್ನು ಅದಕ್ಕೆ ಒರಗಿಸಿ ನಿಲ್ಲಿಸಿದ. ಮೂವರೂ ನೆಲದ ಮೇಲೆ ಕೂತರು. ಅವಳು ಮಲಗಿದ್ದ ಜಾಗದಲ್ಲಿ ಹಸಿರು ಚುಕ್ಕಿಗಳು ಒಂದರ ಹಿಂದೊಂದು ಹೊತ್ತಿಕೊಳ್ಳುತ್ತ ಮೇಲೇರುತ್ತಿದ್ದವು.