ಗಿರಾಕಿ ಲೆಕ್ಕ, ಕತ್ತರಿ ಲೆಕ್ಕ

ನಮ್ಮ ಮನೆಯಲ್ಲಿ ಬಿಪಿ ಎಂದರೆ ನಾನೇ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು. ನನ್ನ ಗಂಟಲು ದೊಡ್ಡದು, ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ. ‘ಅತ್ತಿಗೆಗೆ ಬಿಪಿ ಏರ್ತು, ಎಲ್ಲ ಹೊರಗೆ ನಡೀರಿ’ ಎನ್ನುವುದು ನಾದಿನಿಯ ಹಳೇ ತಮಾಷೆ. ನನ್ನ ಗಂಡನೋ ದರ್ಜಿ, ಬೆರಳಿಗೆ ಸೂಜಿ ಚುಚ್ಚಿಕೊಂಡರೂ ತುಟಿ ಪಿಟಕ್ ಅನ್ನದ ಮನುಷ್ಯ. ಹೊಸ ಕನ್ನಡಕ ಬೇಕೆಂದು ಆಸ್ಪತ್ರೆಗೆ ಹೋದವರ ತೋಳಿಗೆ ಪಟ್ಟಿ ಸುತ್ತಿ ನೋಡಿದ ಡಾಕ್ಟರಮ್ಮ ನೂರ ಎಪ್ಪತ್ತೆಂಟು ಎಂದಾಗ, ಏನೋ ತಪ್ಪಾಗಿದೆ ಎಂದುಕೊಂಡು ನನ್ನ ತೋಳನ್ನೇ ಮುಂದೆ ಚಾಚಿದೆ. ನನ್ನದು ನೂರ ಹದಿನೆಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಇಷ್ಟು ವರ್ಷ ಆ ಎಮ್ಮೆ ನಾನಾಗಿದ್ದೆ.

“ಕೂಗಾಡೋದಕ್ಕೂ ಇದಕ್ಕೂ ಗಂಟು ಹಾಕಬೇಡಿ,” ಎಂದರು ಡಾಕ್ಟರಮ್ಮ. “ಇದು ಬೂದಿ ಮುಚ್ಚಿದ ಕೆಂಡ. ನೋವಿಲ್ಲ, ಸುಸ್ತಿಲ್ಲ. ಆದ್ರೆ ಇವರ ಕಣ್ಣಿನ ರಕ್ತನಾಳಗಳಲ್ಲಿ ಆಗಲೇ ಗುರುತು ಕಾಣ್ತಿದೆ. ಇಳಿಸದಿದ್ರೆ ದೃಷ್ಟಿಗೇ ಕುತ್ತು.”

ಸೂಜಿಗೆ ದಾರ ಪೋಣಿಸಿ ಬದುಕುವವನಿಗೆ ಇದಕ್ಕಿಂತ ಕೆಟ್ಟ ಮಾತು ಇನ್ನೇನಿದೆ? ನನಗೆ ತುಂಬಾ ಹೆದರಿಕೆಯಾಯಿತು. ಅವರು ಮಾತ್ರ ಮಾತ್ರೆಯ ಚೀಟಿಯನ್ನು ಅಂಗಿ ಮಡಿಸುವಷ್ಟೇ ನಾಜೂಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು.

ದಿನಾ ಎರಡು ಹೊತ್ತು ಮನೆಯಲ್ಲೇ ಅಳೆದು ಬರೆದಿಡಲು ಡಾಕ್ಟರಮ್ಮ ಹೇಳಿದ್ದರು. ಯಂತ್ರ ತಂದೆವು. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂರಬೇಕು, ತೋಳು ಮೇಜಿನ ಮೇಲಿರಬೇಕು, ಮಾತಾಡಬಾರದು. ಮಾತಾಡದಿರುವುದು ಅವರಿಗೆ ನೀರು ಕುಡಿದಷ್ಟು ಸುಲಭ, ಕಷ್ಟವಾದದ್ದು ನನಗೆ. ಅವರು ಯಂತ್ರ ನೋಡಿ ಹೇಳುತ್ತಿದ್ದರು, ನಾನು ಪುಸ್ತಕದಲ್ಲಿ ಬರೆಯುತ್ತಿದ್ದೆ. ಅಂಗಡಿಯಲ್ಲೂ ನಮ್ಮದು ಅದೇ ಪದ್ಧತಿ, ಟೇಪು ಅವರದು, ಪೆನ್ನು ನನ್ನದು.

ಮೊದಲ ದಿನ ನೂರ ಎಪ್ಪತ್ತು. ಎರಡನೇ ವಾರಕ್ಕೆ ನೂರ ನಲವತ್ತು. ಮೂರನೇ ವಾರಕ್ಕೆ ನೂರ ಮೂವತ್ತೆರಡು. ನಾನು ನಾದಿನಿಗೆ ಫೋನು ಮಾಡಿ ಕೊಚ್ಚಿಕೊಂಡೆ. ಮರುಭೇಟಿಯಲ್ಲಿ ಆಸ್ಪತ್ರೆಯ ಯಂತ್ರ ನೂರ ಅರವತ್ತಾರು ತೋರಿಸಿದಾಗ ಡಾಕ್ಟರಮ್ಮ ನಮ್ಮ ಪುಸ್ತಕ ತಿರುವಿ ಹಾಕಿ, “ಕೆಲವರಿಗೆ ನಮ್ಮನ್ನ ನೋಡಿದ್ರೇ ಏರುತ್ತೆ. ಮನೆಯ ಅಳತೆ ಚೆನ್ನಾಗಿದೆ, ಮಾತ್ರೆ ಸದ್ಯಕ್ಕೆ ಇಷ್ಟೇ ಇರಲಿ,” ಎಂದರು.

ಅದಾದ ಐದನೇ ದಿನ ಬೇಕರಿಯ ಯಜಮಾನರು ಪ್ಯಾಂಟು ಹೊಲಿಸಲು ಬಂದರು. ಹೊಟ್ಟೆಯ ಬಗ್ಗೆ ಅವರಿಗೆ ಬಹಳ ನಾಚಿಕೆ. ನನ್ನ ಗಂಡ ಟೇಪು ಸುತ್ತಿ, ಮೆತ್ತಗೆ, “ಸೊಂಟ, ಮೂವತ್ತೆಂಟು,” ಎಂದರು. ನನ್ನ ಕೈ ತಾನಾಗಿಯೇ ನಲವತ್ತು ಎಂದು ಬರೆಯಿತು. ಇದು ನಮ್ಮ ಅಂಗಡಿಯ ಗುಟ್ಟು. ದಪ್ಪನೆಯವರಿಗೆ ಅವರು ಎರಡು ಇಂಚು ಕಡಿಮೆ ಕೂಗುತ್ತಾರೆ, ನಾನು ಎರಡು ಸೇರಿಸಿ ಬರೆಯುತ್ತೇನೆ. ಬಾಯಲ್ಲಿ ಬರುವುದು ಗಿರಾಕಿ ಲೆಕ್ಕ, ಪುಸ್ತಕದಲ್ಲಿರುವುದು ಕತ್ತರಿ ಲೆಕ್ಕ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ನಲವತ್ತು ಎಂದು ಬರೆದ ಪೆನ್ನು ಅಲ್ಲೇ ನಿಂತಿತು.

ಅಂಗಡಿಯ ಹಿಂದೆಯೇ ಇರುವ ಮನೆಗೆ ಹೋಗಿ ಯಂತ್ರ ತೆಗೆದೆ. ಹಿಂದಿನ ಅಳತೆಗಳನ್ನೆಲ್ಲ ಅದು ನೆನಪಿಟ್ಟುಕೊಳ್ಳುತ್ತದೆ ಎಂದು ಯಂತ್ರ ಮಾರಿದವನು ಒಂದು ಗುಂಡಿ ತೋರಿಸಿ ಹೇಳಿದ್ದ, ನಾವು ಆ ಗುಂಡಿಯನ್ನು ಒಮ್ಮೆಯೂ ಒತ್ತಿರಲಿಲ್ಲ. ಈಗ ಒತ್ತಿದೆ. ನೂರ ಅರವತ್ತೆಂಟು. ನೂರ ಎಪ್ಪತ್ತನಾಲ್ಕು. ನೂರ ಅರವತ್ತೈದು. ನಮ್ಮ ಪುಸ್ತಕ ಪಕ್ಕದಲ್ಲಿಟ್ಟು ನೋಡಿದೆ, ಮೊದಲ ದಿನದ್ದು ಬಿಟ್ಟರೆ ಒಂದೂ ತಾಳೆಯಾಗಲಿಲ್ಲ.

ಬೇಕರಿಯವರು ಹೋಗುವವರೆಗೆ ಕಾದೆ. ಆಮೇಲೂ ಕೂಗಾಡಲಿಲ್ಲ. ಅದನ್ನು ಕಂಡೇ ಅವರು ಹೆದರಿದರು.

“ನನಗೂ ಗಿರಾಕಿ ಲೆಕ್ಕ ಹೇಳಿದ್ರಾ?” ಎಂದೆ.

ಅವರು ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. “ಮೊದಲ ದಿನ ನೂರ ಎಪ್ಪತ್ತು ಅಂದಾಗ ನಿನ್ನ ಮುಖ ನೋಡಿದೆ. ಆಮೇಲೆ ನಿಜ ಹೇಳೋಕೆ ಬಾಯೇ ಬರಲಿಲ್ಲ.”

“ಪ್ಯಾಂಟು ಬಿಗಿಯಾದ್ರೆ ಬಿಚ್ಚಿ ಹೊಲೀಬಹುದು. ನಿಮ್ಮ ಕಣ್ಣು ಹೋದ್ರೆ ಯಾವ ದಾರ ತಂದು ಹೊಲೀಲಿ ನಾನು?” ಎಂದು ಕೇಳಿ ಅತ್ತುಬಿಟ್ಟೆ. ಇಷ್ಟು ವರ್ಷ ಜೊತೆಗಿದ್ದೂ ಆ ಬಾಯಿಯ ರಿಯಾಯಿತಿ ನನಗೆ ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೂ ಸಿಟ್ಟು ಬಂತು.

ಮರುದಿನ ಯಂತ್ರವನ್ನೇ ಡಾಕ್ಟರಮ್ಮನ ಮೇಜಿನ ಮೇಲಿಟ್ಟೆ. ಅವರು ಇಬ್ಬರಿಗೂ ಚೆನ್ನಾಗಿ ಬೈದು ಇನ್ನೊಂದು ಮಾತ್ರೆ ಸೇರಿಸಿದರು. ಮನೆಯಲ್ಲಿ ಕಾನೂನು ಬದಲಾಯಿತು. ಯಂತ್ರದ ಮುಖ ನನ್ನ ಕಡೆಗೆ, ಅವರ ಮುಖ ಗೋಡೆಯ ಕಡೆಗೆ. ಊಟದ ಮೇಜಿನಿಂದ ಉಪ್ಪಿನ ಡಬ್ಬಿ ಎದ್ದಿತು, ನಾನೂ ಸಪ್ಪೆ ಉಂಡೆ, ಗೊಣಗುತ್ತಲೇ ಉಂಡೆ. ಅಂಗಡಿ ತೆರೆಯುವ ಮೊದಲು ಇಬ್ಬರೂ ಅರ್ಧ ಗಂಟೆ ನಡೆಯತೊಡಗಿದೆವು. ಒಂದು ದಿನ ಅವರು, “ಇವತ್ತು ಆರಾಮಾಗಿದ್ದೀನಿ, ಮಾತ್ರೆ ಬೇಡ,” ಎಂದರು.

“ಅಂಗಿ ಚೆನ್ನಾಗಿ ಕೂತಿದೆ ಅಂತ ಹೊಲಿಗೆ ಬಿಚ್ತೀರಾ?” ಎಂದೆ. ನುಂಗಿದರು.

ಮೂರು ತಿಂಗಳು ಕಳೆದವು. ಸಂಖ್ಯೆ ಒಂದು ದಿನ ಇಳಿಯುತ್ತಿತ್ತು, ಮರುದಿನ ಏರುತ್ತಿತ್ತು, ಇದ್ದದ್ದನ್ನು ಇದ್ದ ಹಾಗೆ ಬರೆದೆ. ಕಣ್ಣಿನ ತಪಾಸಣೆಗೆ ಹೊರಡಬೇಕಿದ್ದ ಬೆಳಿಗ್ಗೆ ಪಟ್ಟಿ ಕಟ್ಟಿ ಗುಂಡಿ ಒತ್ತಿದೆ. ಯಂತ್ರ ಗುಂಯ್‌ಗುಟ್ಟಿ ಸುಮ್ಮನಾಯಿತು.

“ನೂರ ಇಪ್ಪತ್ತಾರು. ಕೆಳಗಿಂದು ಎಪ್ಪತ್ತೆಂಟು,” ಎಂದೆ.

ಅವರು ಹಿಗ್ಗಲಿಲ್ಲ. ಗೋಡೆಯಿಂದ ತಿರುಗಿ ನನ್ನ ಮುಖವನ್ನೇ ನೋಡಿದರು. ಆ ಕಣ್ಣುಗಳಲ್ಲಿದ್ದ ಭಯ ನನ್ನ ಭಯಕ್ಕಿಂತ ದೊಡ್ಡದಿತ್ತು. ಮೊದಲ ದಿನದಿಂದಲೂ ಇದ್ದಿರಬೇಕು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ.

“ನಿಜ ಹೇಳು,” ಎಂದರು ಮೆಲ್ಲಗೆ. “ಇದು ಗಿರಾಕಿ ಲೆಕ್ಕನಾ?”

ನಾನು ಯಂತ್ರವನ್ನು ಅವರ ಕಡೆಗೆ ತಿರುಗಿಸಿದೆ. ಅವರು ಕನ್ನಡಕ ಒರೆಸಿಕೊಂಡು ಓದಿದರು, ಮತ್ತೊಮ್ಮೆ ಓದಿದರು. ಆಮೇಲೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ತಾವೇ ಪುಸ್ತಕದಲ್ಲಿ ಬರೆದರು, ಒಂದನ್ನೂ ಕಳೆಯದೆ, ಒಂದನ್ನೂ ಸೇರಿಸದೆ.